ಕೊನೆಯ ಸೀಟಿನ ಬಿಳಿ ಅಂಗಿ

ನೀಲಿಯಲ್ಲಿ ಅದ್ದಿ, ಗಂಜಿ ಹಾಕಿ, ಇಸ್ತ್ರಿ ತಿಕ್ಕಿ, ತೋಳಿನ ಮಡಿಕೆ ಹಪ್ಪಳದಂತೆ ಮುರಿದೀತು ಅನ್ನುವಷ್ಟು ಬಿರುಸಾದ ಬಿಳಿ ಅಂಗಿ. ಅದರ ಬೆನ್ನು ಇಬ್ಬರ ಬೆನ್ನಿನಷ್ಟು ಅಗಲ, ಯಾಕೆಂದರೆ ತೊಡುವವನ ಬೆನ್ನೇ ಹಾಗಿತ್ತು. ಕಿತ್ತೂರಿನ ಹೆದ್ದಾರಿ ಬದಿಯ ನಮ್ಮ ಕಾರ್ಖಾನೆಯಲ್ಲಿ ಉಳಿದವರೆಲ್ಲ ಎಣ್ಣೆಗಲೆಯ ಖಾಕಿಯಲ್ಲಿರುತ್ತಿದ್ದೆವು. ಅವನೂ ಖಾಕಿಯವನೇ. ಆದರೆ ನೀರಿನ ಪರೀಕ್ಷೆಯ ದಿನ ಮಾತ್ರ ಈ ಅಂಗಿ ತೊಟ್ಟು, ಮದುವೆಗೆ ಹೊರಟವನಂತೆ ಬರುತ್ತಿದ್ದ.

ನಾವು ಬಸ್ಸಿನ ಬಾಡಿ ಕಟ್ಟುವವರು. ಬರೀ ಗಾಲಿ, ಇಂಜಿನ್ನು, ಕಬ್ಬಿಣದ ಚೌಕಟ್ಟು ಇಷ್ಟೇ ಬರುತ್ತಿತ್ತು. ನಾವು ಅದಕ್ಕೆ ಗೋಡೆ, ಟಾಪು, ಕಿಟಕಿ, ಸೀಟು ಕೂಡಿಸಿ ಬಸ್ಸು ಮಾಡುತ್ತಿದ್ದೆವು. ಹೊರಗೆ ಬಿಡುವ ಮುನ್ನ ಪ್ರತಿ ಬಸ್ಸನ್ನೂ ತೂತಿನ ಪೈಪುಗಳ ಕೆಳಗೆ ನಿಲ್ಲಿಸಿ ಕಾಲು ತಾಸು ನೀರು ಸುರಿಸಬೇಕು. ಟಾಪು ಕಟ್ಟಿದ ಮೇಸ್ತ್ರಿ ಒಳಗೆ ಕೂಡಬೇಕು. ಬಿಳಿ ಅಂಗಿ ತೊಟ್ಟು ಕೂಡಬೇಕೆಂದು ಯಾವ ನಿಯಮವೂ ಇರಲಿಲ್ಲ. ಅದನ್ನು ತಂದವನು ಅವನು. ಖಾಕಿಯ ಮೇಲೆ ಒಂದು ಹನಿ ಬಿದ್ದರೆ ಯಾರಿಗೆ ಕಾಣುತ್ತದೆ? ಬಿಳಿಯ ಮೇಲೆ ಕುರುಡನಿಗೂ ಕಾಣುತ್ತದೆ. ಕೊನೆಯ ಸೀಟಿನ ಎಡ ಮೂಲೆಯಲ್ಲಿ ಕೂತು, ನೀರು ನಿಂತ ಮೇಲೆ ಇಳಿದು, ಎಲ್ಲರೆದುರು ಒಮ್ಮೆ ಗಿರಕಿ ಹೊಡೆದು ಒಣ ಅಂಗಿ ತೋರಿಸುತ್ತಿದ್ದ. ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಕಿಟಕಿ ವಿಭಾಗದ ನಾನೂ ತಟ್ಟುತ್ತಿದ್ದೆ, ಅಂಗೈ ಉರಿಯುವ ಹಾಗೆ.

ಅವನು ನನ್ನ ಷಡ್ಡಕ. ನನ್ನ ಹೆಂಡತಿಯ ಅಕ್ಕನ ಗಂಡ. ಎದುರಿಗೆ 'ಅಣ್ಣಾರ' ಎನ್ನುತ್ತಿದ್ದೆ, ಮನಸ್ಸಿನೊಳಗೆ ಎಂದೂ ಬಹುವಚನ ಕೊಟ್ಟವನಲ್ಲ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ಈಗ ನನ್ನದಲ್ಲ.

ಮುನವಳ್ಳಿಯ ನಮ್ಮ ಮಾವನ ಮನೆಗೆ ಪಂಚಮಿಗೆ ಹೋದರೆ ನೋಡಬೇಕಿತ್ತು. ಶೇಂಗಾದ ಉಂಡೆಯ ಬುಟ್ಟಿ ಹೊರಗೆ ಬಂದ ಕೂಡಲೇ ನಮ್ಮ ಅತ್ತೆಯ ಬಾಯಲ್ಲಿ ಒಂದೇ ಮಾತು: "ಮೊದಲ ದೊಡ್ಡ ಅಳ್ಯಾರಿಗೆ ಕೊಡ್ರಿ." ಬೇವಿನ ಮರಕ್ಕೆ ಜೋಕಾಲಿ ಕಟ್ಟುವವನು ಅವನು. ಮಕ್ಕಳು ಏರುವುದು ಅವನ ಹೆಗಲು. ನನ್ನ ಹೆಂಡತಿ ಕೂಡ ನಮ್ಮ ಮನೆಯ ಕಪಾಟಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ, "ಮಾವಾರು ಬಂದಾಗ ನೋಡ್ತಾರ ಬಿಡ್ರಿ" ಎಂದು ಅವನನ್ನೇ ನೆನೆಯುತ್ತಿದ್ದಳು. ಕಿಟಕಿ ಬಾಗಿಲು ಕೂಡಿಸುವುದೇ ನನ್ನ ಕಸುಬು ಎಂಬುದು ಅವಳಿಗೆ ನೆನಪೇ ಇರುತ್ತಿರಲಿಲ್ಲ.

ಒಂದೇ ಒಂದು ದೋಷ ಹುಡುಕಿಟ್ಟುಕೊಂಡಿದ್ದೆ: ಅವನು ಬಾಯಿಬಡಕ. ಮುಂಜಾನೆ ಕೇಳಿದ ಸುದ್ದಿ ಮಧ್ಯಾಹ್ನದ ಊಟದೊಳಗೆ ಎರಡೂ ಗೇಟಿಗೆ ಮುಟ್ಟಿರುತ್ತಿತ್ತು. ಹಂಗಿಸಿದರೆ ನಗುತ್ತ, ಕಿಸೆಯಿಂದ ಹುರಿದ ಶೇಂಗಾ ತೆಗೆದು ಕೈಗೆ ಹಾಕಿ ಹೇಳುತ್ತಿದ್ದ: "ಬಾಯಿ ಸೋರಿದ್ರ ನಡೀತೈತಿ ತಮ್ಮಾ, ಟಾಪು ಸೋರಬಾರದು."

ಎರಡು ಗೇಟು ಎಂದೆನಲ್ಲ, ನಮ್ಮಲ್ಲಿ ಸಂಘಗಳೂ ಎರಡು. ಮೇಲಿನ ಗೇಟಿನ ಸಂಘ ಒಂದು ಪಕ್ಷದ ಕಡೆ, ಅದಕ್ಕೆ ನಾನು ಕಾರ್ಯದರ್ಶಿ. ಕೆಳಗಿನ ಗೇಟಿನದು ಇನ್ನೊಂದು ಪಕ್ಷದ ಕಡೆ, ಅದಕ್ಕೆ ಅವನು ಅಧ್ಯಕ್ಷ. ನಾವು ಬೋನಸ್ ಕೇಳಿದ ದಿನ ಅವರು ಕೆಲಸ ಮಾಡುತ್ತಿದ್ದರು, ಅವರು ಧರಣಿ ಕೂತ ದಿನ ನಾವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಕಾರ್ಖಾನೆ ಹಾಗೆ ಬಡವಾಯಿತು. ಅದು ಸರ್ಕಾರ ಪಾಲು ಹಾಕಿ ನಡೆಸುತ್ತಿದ್ದ ಕಾರ್ಖಾನೆ. ದೊಡ್ಡ ಕಂಪನಿಗಳು ಪೂರ್ತಿ ಬಸ್ಸನ್ನೇ ಮಾಡಿ ಮಾರತೊಡಗಿದ ಮೇಲೆ ನಮಗೆ ಚೌಕಟ್ಟು ಬರುವುದು ನಿಂತಿತು. ಪೈಪಿನ ತೂತುಗಳಲ್ಲಿ ಕಣಜ ಗೂಡು ಕಟ್ಟಿದವು. ಬೈಲಹೊಂಗಲ, ಸಂಗೊಳ್ಳಿ, ಸವದತ್ತಿ ಕಡೆಯಿಂದ ಬರುತ್ತಿದ್ದ ಮುನ್ನೂರು ಮಂದಿ ಬುತ್ತಿ ಕಟ್ಟಿಕೊಂಡು ಬಂದು, ಕೂತು, ಉಂಡು, ಮನೆಗೆ ಹೋಗುತ್ತಿದ್ದೆವು.

ಆಗ ಸರ್ಕಾರ ನಮ್ಮ ಪಕ್ಷದ್ದು. ನನ್ನ ಎದೆ ಎರಡು ಬೆರಳು ಅಗಲವಾಯಿತು. ಅರ್ಜಿ ಹಿಡಿದು ಬೆಂಗಳೂರಿಗೆ ತಿರುಗಿದೆ. ಶಾಸಕರ ಮನೆಯ ಕಟ್ಟೆಯ ಮೇಲೆ ದಿನಗಟ್ಟಲೆ ಕೂತೆ. ಕಾರ್ಖಾನೆ ಉಳಿಯಲಿ ಎಂಬುದು ನಿಜ, ಆದರೆ ಉಳಿಸಿದವನು ನಾನಾಗಬೇಕು ಎಂಬುದು ಅದಕ್ಕಿಂತ ನಿಜ. ಅಷ್ಟರಲ್ಲಿ ಅವನ ಪಕ್ಷದ ರಾಮದುರ್ಗದ ಮುಖಂಡರೊಬ್ಬರು, ಮುಳುಗುವ ಕಾರ್ಖಾನೆಗೆ ಜನರ ದುಡ್ಡು ಯಾಕೆ ಸುರಿಯಬೇಕು ಎಂದು ಪೇಪರಿನಲ್ಲಿ ಹೇಳಿಕೆ ಕೊಟ್ಟರು. ನನಗೆ ಹಾಲು ಅನ್ನ ಉಂಡಷ್ಟು ಸಂತೋಷವಾಯಿತು. ಆ ಪೇಪರನ್ನು ಮೇಲಿನ ಗೇಟಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದೆ. ಅವನು ಬಂದು, "ಇಲ್ಲಿ ಕೊಡು" ಎಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಮಡಚಿ ಕಿಸೆಗಿಟ್ಟು, ಮೋಟಾರ್ ಸೈಕಲ್ ಹತ್ತಿ ರಾಮದುರ್ಗದ ದಾರಿ ಹಿಡಿದ.

ಅಲ್ಲಿ ನಡೆದದ್ದನ್ನು ಮರುದಿನ ಅವನೇ ಎಲ್ಲರಿಗೂ ಹೇಳಿದ, ಬಾಯಿ ಸೋರುವುದಲ್ಲವೆ. ಮುಖಂಡರು ಚಹಾ ಕೊಟ್ಟರಂತೆ. ಇವನು ಕುಡಿಯದೆ, "ಸಾವ್ಕಾರ್ರ, ಈ ಮಾತು ತಿರುಗಿ ತಗೋರಿ. ಇಲ್ಲಂದ್ರ ನಿಮ್ಮ ಸಂಘದ ಬೋರ್ಡ್ ತಗದು ಮಲಪ್ರಭಾ ಹೊಳಿಗೆ ಒಗದು ಮನೀಗೆ ಹೊಂಟೇನಿ" ಎಂದನಂತೆ. ವಾರದೊಳಗೆ ಆ ಮುಖಂಡರೇ ಕಾರ್ಖಾನೆ ಉಳಿಯಬೇಕು ಎಂದು ಮತ್ತೊಂದು ಹೇಳಿಕೆ ಕೊಟ್ಟರು. ಹೀಗೆ ಸ್ವಂತ ಪಕ್ಷಕ್ಕೆ ಎದುರು ನಿಂತು ಮಾತಾಡುವುದು ನನ್ನ ಕೈಲಿ ಎಂದಾದರೂ ಆಗುತ್ತಿತ್ತೇ? ಅದು ಆಗುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು.

ಎರಡೂ ಸಂಘದವರು ಒಂದೇ ಪತ್ರಕ್ಕೆ ಸಹಿ ಹಾಕಿ ಕೊಡಿ ಎಂದು ಸರ್ಕಾರ ಕೇಳಿತು. ಮೊದಲ ಸಹಿ ಯಾರದು ಎಂದು ನಾನು ರಾತ್ರಿಯಿಡೀ ಜಗಳದ ಮಾತು ಹೊಂದಿಸಿಕೊಂಡು ಹೋಗಿದ್ದೆ. ಅವನು ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗಿಟ್ಟ. "ಮೊದಲ ನೀ ಹಾಕು ತಮ್ಮಾ. ಬೆಂಗಳೂರಿಗೆ ಓಡ್ಯಾಡಿದಾಂವ ನೀನು." ಹೊಂದಿಸಿಕೊಂಡ ಮಾತೆಲ್ಲ ವ್ಯರ್ಥವಾಯಿತು. ಕಸಿದುಕೊಳ್ಳಬೇಕೆಂದು ಹೋದದ್ದನ್ನು ಯಾರಾದರೂ ತಾವಾಗಿ ಕೊಟ್ಟರೆ ಎಷ್ಟು ಸಿಟ್ಟು ಬರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಸರ್ಕಾರದ ಉತ್ತರ ಬಂತು. ಒಂದು ಮಾದರಿ ಬಸ್ಸು ಕಟ್ಟಿ ತೋರಿಸಬೇಕು. ಪರೀಕ್ಷೆಯಲ್ಲಿ ಗೆದ್ದರೆ ಬಸ್ಸುಗಳ ಆರ್ಡರೂ ಸಹಾಯಧನವೂ ಬರುತ್ತವೆ, ಸೋತರೆ ಬೀಗ. ಎರಡು ಸಂಘದವರೂ ಸೇರಿ ಆ ಬಸ್ಸು ಕಟ್ಟಿದೆವು. ಟಾಪು ಅವನದು, ಕಿಟಕಿ ನನ್ನವು.

ಸುಡು ಬೇಸಿಗೆಯ ದಿನ ಅದು. ಪರೀಕ್ಷೆ ಮಾಡುವ ಸರ್ಕಾರಿ ಸಾಹೇಬರು ಹನ್ನೊಂದಕ್ಕೆ ಬರುವವರಿದ್ದರು. ಒಂಬತ್ತರ ಸುಮಾರಿಗೆ ನಾನೊಬ್ಬನೇ ಬಸ್ಸು ಹತ್ತಿ ಕಿಟಕಿಗಳ ರಬ್ಬರನ್ನು ಬೆರಳಿನಿಂದ ಒತ್ತಿ ನೋಡುತ್ತ ಬಂದೆ. ಹಿಂದಿನ ಗಾಜಿನ ಎಡ ಮೇಲ್ಮೂಲೆಯಲ್ಲಿ ಬೆರಳು ಒಳಗೆ ಹೋಯಿತು. ಗೇಣಿನಷ್ಟು ಜಾಗದಲ್ಲಿ ಅಂಟು ಹಿಡಿದಿರಲಿಲ್ಲ. ಹೇಳಬೇಕಿತ್ತು. ಹೇಳಿದರೆ ಹೊಸದಾಗಿ ಅಂಟು ತುಂಬಿ ಒಂದು ದಿನ ಒಣಗಿಸಬೇಕು, ಬೆಂಗಳೂರಿನಿಂದ ಬಂದವರನ್ನು ನಾಳೆ ಬನ್ನಿ ಅನ್ನಬೇಕು, ತಪ್ಪು ನನ್ನ ವಿಭಾಗದ್ದು ಎಂದು ಎಲ್ಲರಿಗೂ ತಿಳಿಯಬೇಕು. ಆಗಲೇ ನನ್ನ ಕಣ್ಣು ಕೆಳಗಿನ ಸೀಟಿನ ಮೇಲೆ ಬಿತ್ತು. ಅವನು ಕೂಡುವ ಸೀಟು. ಟಾಪಿನ ಅಂಚಿಗೇ ಇರುವ ಜಾಗ. ನೀರು ಇಳಿದರೆ ಟಾಪೇ ಸೋರಿತು ಅನ್ನುತ್ತಾರೆ ಮಂದಿ. ಒಂದೇ ಒಂದು ಸಲ ಆ ಬಿಳಿ ಅಂಗಿ ತೋಯಲಿ, ಒಂದು ಹನಿಗೆ ಕಾರ್ಖಾನೆ ಏನೂ ಮುಳುಗುವುದಿಲ್ಲ ಎಂದುಕೊಂಡೆ. ಬೆರಳು ಒರೆಸಿಕೊಂಡು ಕೆಳಗಿಳಿದೆ.

ನೀರು ಬಿಟ್ಟರು. ಒಳಗೆ ಮೂವರೇ ಇದ್ದೆವು. ಸಾಹೇಬರು ಬ್ಯಾಟರಿ ಹಿಡಿದು ಮುಂದಿನಿಂದ ಒಂದೊಂದೇ ಸೀಟು ದಾಟುತ್ತ ಟಾಪು ನೋಡುತ್ತಿದ್ದರು. ನಾನು ನಡುವೆ. ಅವನು ಕೊನೆಯ ಸೀಟಿನಲ್ಲಿ. ಆ ಮೂಲೆಯಲ್ಲಿ ನೀರು ಮಣಿಯಂತೆ ಕೂಡಿಕೊಂಡದ್ದು ನನಗೆ ಕಂಡಿತು. ಅವನಿಗೂ ಕಂಡಿತು. ಮೊದಲ ಹನಿ ಅವನ ಹೆಗಲ ಮೇಲೆ ಬಿತ್ತು. ಆಗ ನನಗೆ ಬುತ್ತಿ ಕಟ್ಟಿಕೊಂಡು ಬಂದು ಹೊರಗೆ ನಿಂತ ಮುನ್ನೂರು ಮಂದಿ ನೆನಪಾದರು.

ಅವನು ಮೆಲ್ಲಗೆ ಮೂಲೆಗೆ ಇನ್ನಷ್ಟು ಸರಿದು, ಹೆಗಲ ಟವೆಲ್ಲನ್ನು ಹಿಂದಕ್ಕೆ ಜಾರಿಸಿ, ಆ ಅಗಲವಾದ ಬೆನ್ನನ್ನು ಮೇಲಕ್ಕೆತ್ತಿ, ಇಳಿಯುವ ನೀರಿಗೆ ಅಡ್ಡವಾಗಿ ಗಾಜಿಗೆ ಒತ್ತಿ ಕೂತ. ಕೂತವನು ನನ್ನನ್ನೊಮ್ಮೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ತಪ್ಪಿನ ಬೆರಳನ್ನು ಕಿಸೆಯಲ್ಲಿ ಅಡಗಿಸಿದೆ. ಸಾಹೇಬರು ಹತ್ತಿರ ಬಂದರೂ ಅವನು ಏಳಲಿಲ್ಲ. ನೀರು ನಿಂತ ಮೇಲೆ ಎದ್ದಾಗ ಬೆನ್ನಿನ ಅಂಗಿ ಪೂರ್ತಿ ಮೈಗಂಟಿತ್ತು.

"ಏನಪ್ಪಾ, ಬೆನ್ನೆಲ್ಲಾ ಒದ್ದೆ ಆಗಿದೆಯಲ್ಲ?" ಎಂದರು ಸಾಹೇಬರು.

"ಬೆವರ್ರೀ ಸಾಹೇಬ್ರ. ಇಂಥಾ ಬ್ಯಾಸಗ್ಯಾಗ ಕಿಡಕಿ ಹಾಕ್ಕೊಂಡು ಕಾಲು ತಾಸು ಕುಂತು ನೋಡ್ರಿ, ನಿಮ್ಮ ಕೋಟೂ ತೋಯ್ತೈತಿ."

ಸಾಹೇಬರು ತಮ್ಮ ಕುತ್ತಿಗೆಯ ಬೆವರು ಒರೆಸಿಕೊಂಡು ನಕ್ಕರು. ಕಾಗದದ ಮೇಲೆ ಸಹಿ ಬಿತ್ತು. ಹೊರಗೆ ಎರಡೂ ಸಂಘದವರು ಅವನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡರು. ಗಿರಕಿ ಮಾತ್ರ ಅವತ್ತು ಹೊಡೆಯಲಿಲ್ಲ.

ಮಂದಿ ಚದುರಿದ ಮೇಲೆ ಅವನು ಅಂಟಿನ ಡಬ್ಬಿ ತಂದು ನನ್ನ ಮುಂದಿಟ್ಟ. ನಾನು ಮೂಲೆ ತುಂಬಿದೆ. ಅವನು ಶೇಂಗಾ ಬಿಡಿಸುತ್ತ ನೋಡುತ್ತಿದ್ದ. "ನಾಳಿ ಐತವಾರ. ಬಿಳೀ ಅಂಗಿ ಹಾಕ್ಕೊಂಡು ಬಾ" ಎಂದಷ್ಟೇ ಹೇಳಿದ.

ಮರುದಿನ ಭಾನುವಾರದ ಖಾಲಿ ಕಾರ್ಖಾನೆಯಲ್ಲಿ ನಾವಿಬ್ಬರೇ. ನನ್ನ ಮದುವೆಯ ಕಾಲದ ಅಂಗಿ ತೊಟ್ಟು ಅವನ ಸೀಟಿನಲ್ಲಿ ನಾನು ಕೂತೆ. ಅವನು ನೀರು ಬಿಟ್ಟ. ಕಾಲು ತಾಸು ಎಂದರೆ ಎಷ್ಟು ಉದ್ದ ಎಂಬುದು ನನಗೆ ಅವತ್ತು ತಿಳಿಯಿತು. ನೀರು ನಿಲ್ಲಿಸಿ ಬಾಗಿಲಿಗೆ ಬಂದು, "ಸೋರೈತೇನು?" ಎಂದ.

"ಇಲ್ರೀ ಅಣ್ಣಾರ."

"ಸಾಹೇಬ್ರಿಗೆ ನಾ ಸುಳ್ಳ ಹೇಳೇನಿ. ಬಸ್ಸು ಸುಳ್ಳ ಹೇಳಬಾರದು." ಆಮೇಲೆ ಕೇಳಿದ: "ಆ ಮೂಲಿ ನಿನಗ ಮೊದಲ ಗೊತ್ತಿತ್ತೇನು ತಮ್ಮಾ?"

"ಇಲ್ರೀ" ಎಂದೆ.

"ಹೂಂ" ಎಂದ. ಕಿಸೆಯಲ್ಲಿ ಉಳಿದಿದ್ದ ಶೇಂಗಾ ನನ್ನ ಕೈಗೆ ಸುರಿದ.

ಕಾರ್ಖಾನೆ ಉಳಿಯಿತು. ನಮ್ಮ ಪಕ್ಷ ಉಳಿಸಿತೆಂದು ನಾವು ಬ್ಯಾನರ್ ಕಟ್ಟಿದೆವು, ತಮ್ಮದು ಉಳಿಸಿತೆಂದು ಅವರು ಕಟ್ಟಿದರು. ಸರ್ಕಾರ ಬದಲಾಯಿತು, ಮತ್ತೆ ಬದಲಾಯಿತು. ಅದೇ ಕೆಲಸದಲ್ಲಿ ನಾನು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದೆ. ಇಷ್ಟು ವರ್ಷ ನಾನು ಕಾದದ್ದು ಒಂದಕ್ಕೇ: ಆ ಬಾಯಿ ಯಾವಾಗ ಸೋರುತ್ತದೆ ಎಂದು. ಮಾವನ ಮನೆಯ ಊಟದ ಪಂಕ್ತಿಯಲ್ಲಿ ಅವನು ಬಸ್ಸಿನ ಮಾತು ತೆಗೆದರೆ ನಾನು ತುತ್ತು ಎತ್ತದೆ ಅವನ ಬಾಯನ್ನೇ ನೋಡುತ್ತಿದ್ದೆ. ಅವನು ಹೇಳುತ್ತಿದ್ದದ್ದು ಇಷ್ಟೇ: "ಕಿಡಕಿ ಕೆಲಸ ಅಂದ್ರ ನಮ್ಮ ತಮ್ಮಂದು ನೋಡ್ರಿ." ಊರಿನ ಗುಟ್ಟೆಲ್ಲ ಸೋರಿಸಿದ ಬಾಯಿ ನನ್ನದನ್ನು ಹಿಡಿದುಕೊಂಡಿತು. ಇದಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು. ಅವನ ಜಾಗದಲ್ಲಿ ನಾನಿದ್ದರೆ ಅವತ್ತೇ ಡಂಗುರ ಹೊಡೆಯುತ್ತಿದ್ದೆ.

ಹೋದ ವರ್ಷ ತನ್ನ ಊರು ಸಂಗೊಳ್ಳಿಯಲ್ಲಿ, ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ನಾವು ಹೋಗುವಷ್ಟರಲ್ಲಿ ಓಣಿ ತುಂಬಿತ್ತು. ಎರಡೂ ಸಂಘದ ಹುಡುಗರು ಎರಡು ಬಾವುಟ ಹಿಡಿದು ಯಾವುದನ್ನು ಹೊದಿಸಬೇಕೆಂದು ಜಗಳ ತೆಗೆದಿದ್ದರು. ಅವನ ಹೆಂಡತಿ, ನಮ್ಮ ಅಕ್ಕ, ಒಳಗಿನಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದು ನನ್ನ ಕೈಗೆ ಕೊಟ್ಟು, "ಯಾವ ಬಾವುಟಾನೂ ಬ್ಯಾಡ. ಇದನ್ನ ಹಾಕ್ರಿ" ಎಂದಳು. ಇಷ್ಟು ಮಂದಿ ನಾನು ಸತ್ತಾಗ ಬರುತ್ತಾರೆಯೇ ಎಂದು ನಾನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಅಂಗಿ ತೊಡಿಸಿ, ಹಾರ ಹಾಕಿದರು. ಆ ಭಾರದ ಮೈ ಒಂದು ಕಡೆ ವಾಲತೊಡಗಿತು. ಹಿಂದೆ ಒಬ್ಬರು ಕೂತು ಬೆನ್ನು ಹಿಡಿಯಬೇಕಾಗಿತ್ತು. "ಷಡ್ಡಕರು ಕುಂದರ್ರಿ" ಎಂದು ಯಾರೋ ಹಿರಿಯರು ಅಂದರು. ನಾನು ಗೋಡೆಗೂ ಅವನಿಗೂ ನಡುವೆ ಸರಿದು ಕೂತೆ. ಆ ಬೆನ್ನು ಪೂರ್ತಿಯಾಗಿ ನನ್ನ ಎದೆಯ ಮೇಲೆ ಬಿತ್ತು. ಗಂಜಿಯ ವಾಸನೆ ಬಂತು. ನನ್ನ ಕಣ್ಣೀರಿಗೆ ಅವನ ಅಂಗಿಯ ಬೆನ್ನು ತೋಯುತ್ತಿತ್ತು, ಮುಂದೆ ಕೂತ ಯಾರಿಗೂ ಕಾಣುತ್ತಿರಲಿಲ್ಲ.

ಕಿವಿಯ ಹತ್ತಿರ ಬಾಯಿ ಒಯ್ದು ಹೇಳಿದೆ: "ಗೊತ್ತಿತ್ರೀ ಅಣ್ಣಾರ."

ಅವನನ್ನು ಎತ್ತಲು ಬಂದವರು ಎರಡು ಸಲ ಹೇಳಿದ ಮೇಲೆ ನಾನು ಕೈ ಬಿಟ್ಟೆ.