ಗುಣ ನೋಡಿ ಕಟ್ಟಿದ ಊರು

ಆಗೆಲ್ಲ ಬಿಳಿಚೋಡಿನಲ್ಲಿ ಶೇಂಗಾ ಕೀಳುವ ದಿನ ಬಂತೆಂದರೆ ನಮ್ಮ ಶಾಲೆಗೂ ಹಸಿ ಮಣ್ಣಿನ ವಾಸನೆ. ಎಲ್ಲರ ಜೇಬಿನಲ್ಲೂ ಶೇಂಗಾ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ಸಿಪ್ಪೆ ನೆಲಕ್ಕೆ ಬೀಳುತ್ತಿತ್ತು. ನಾನಾಗ ಆರನೇ ಕ್ಲಾಸು.

ಒಂದು ದಿನ ಮೇಷ್ಟ್ರು ವರ್ಣಗಳ ಪಾಠ ಮಾಡಿದರು. ಓದಿನಲ್ಲಿ ಮನಸ್ಸಿರುವವರು ಕಲಿಸಬೇಕು, ಧೈರ್ಯವಂತರು ಕಾಯಬೇಕು, ವ್ಯವಹಾರ ಬಲ್ಲವರು ವ್ಯಾಪಾರ ಮಾಡಬೇಕು, ಸೇವೆಯ ಮನಸ್ಸಿನವರು ಸೇವೆ ಮಾಡಬೇಕು. ಹಿರಿಯರು ಇದನ್ನು ಗುಣ ನೋಡಿ ಹೇಳಿದ್ದು, ಹುಟ್ಟು ನೋಡಿ ಅಲ್ಲ ಎಂದರು. ಆಮೇಲೆ ಒಂದು ಆಟ ಹೂಡಿದರು. ಒಬ್ಬರ ಗುಣ ಒಬ್ಬರು ನೋಡಿ, ಕೆಲಸ ಹಂಚಿ, ನಾವೇ ಒಂದು ಊರು ಕಟ್ಟಬೇಕು.

ಊರು ಚಿಟಿಕೆ ಹೊಡೆಯುವುದರಲ್ಲಿ ಕಟ್ಟಿ ಮುಗಿಯಿತು. ಗೌಡರ ಹುಡುಗ ಕಾವಲು, ಅಂಗಡಿಯವರ ಮಗ ಕೊಟ್ರೇಶಿ ವ್ಯಾಪಾರ, ಐನೋರ ಮನೆಯ ಗಿರಿಜಾ ಟೀಚರ್. ನನ್ನ ಸರದಿಗೆ ಯಾರೂ ಯೋಚಿಸಲೇ ಇಲ್ಲ. ಪೊರಕೆ ತಂದು ಕೈಗಿಟ್ಟರು. ನಮ್ಮ ಮನೆ ಊರಾಚೆಯ ಕೇರಿಯಲ್ಲಿತ್ತು.

ಟೀಚರ್ ಆಗಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆನೋ! ಆದರೆ ಅಳುವ ಜಾಯಮಾನ ನನ್ನದಲ್ಲ; ಕೇಳಿಯೇಬಿಟ್ಟೆ.

“ಸಾರ್, ಇವ್ರು ಗುಣ ನೋಡಿದ್ರೋ, ಕೇರಿ ನೋಡಿದ್ರೋ?”

ಇಡೀ ಕ್ಲಾಸು ತಲೆ ತಗ್ಗಿಸಿತು. ಅಷ್ಟರಲ್ಲಿ ಕೊಟ್ರೇಶಿ ಎದ್ದ.

“ಅಂಗಡಿ ನಮ್ಮಪ್ಪಂದು ಸಾರ್. ನನಗೆ ಮಗ್ಗೀನೇ ಬರಲ್ಲ, ವ್ಯಾಪಾರ ಹೆಂಗೆ ಮಾಡಾಕಾಗ್ತೈತೆ? ಪೊರಕೆ ನನಗೇ ಕೊಡ್ರಿ.”

ಎಲ್ಲರೂ ನಕ್ಕರು, ಅವನು ನಗಲಿಲ್ಲ.

“ಈ ಊರು ಕೆಡವ್ರಿ,” ಎಂದರು ಮೇಷ್ಟ್ರು. “ಮೊದಲಿಂದ ಕಟ್ರಿ. ಯಾರಿಗೆ ಯಾವ ಕೆಲಸ ಕೊಟ್ರೂ, ಅವ್ರಲ್ಲಿ ಏನು ಕಂಡು ಕೊಟ್ರಿ ಅಂತ ಹೇಳ್ಬೇಕು.”

ಈ ಸಲ ಹೊತ್ತು ಹಿಡಿಯಿತು. ಕೊನೆಗೆ ಗಿರಿಜಾನೇ ಬಾಯಿಬಿಟ್ಟಳು: “ನನಗೆ ಭಾಗಾಕಾರ ತಲೆಗೆ ಹತ್ತಿಸಿದ್ದು ಇವಳೇ ಸಾರ್. ಇವಳೇ ಟೀಚರ್ ಆಗ್ಲಿ.”

ನಾನು ಎದೆಯುಬ್ಬಿಸಿಕೊಂಡು ಬೋರ್ಡಿನ ಮುಂದೆ ನಿಂತೆ. ಕೊಟ್ರೇಶಿ ಶ್ರದ್ಧೆಯಿಂದ ಸಿಪ್ಪೆ ಗುಡಿಸಿದ. ಸಂಜೆ ಅವ್ವ ಕೇರಿಯ ಮನೆಮನೆಗೂ ಹೋಗಿ, “ನನ್ನ ಮಗಳು ಮೇಷ್ಟ್ರನ್ನೇ ಕೇಳಿದ್ಲಂತೆ” ಎಂದು ಹೇಳಿ ಬಂದಳು.

ಆ ಹೆಮ್ಮೆ ನನಗೆ ಇವತ್ತಿಗೂ ಇಳಿದಿಲ್ಲ. ಈಗ ಜಗಳೂರಿನಲ್ಲಿ ನೌಕರಿ. ಗುಣ ಮುಖ್ಯ, ಹುಟ್ಟಲ್ಲ ಎಂದು ವೇದಿಕೆಯ ಮೇಲೆ ಚಂದಾಗಿ ಮಾತಾಡಿದವರೇ ಕೆಳಗಿಳಿದು ಬಂದು, “ನೀವು ಯಾವ ಪೈಕಿ?” ಎನ್ನುತ್ತಾರೆ. ನಾನು ಅವರಿಗೂ ಅಂದಿನ ಅದೇ ಪ್ರಶ್ನೆ ಹಾಕುತ್ತೇನೆ: ಗುಣ ನೋಡ್ತೀರೋ, ಕೇರಿ ನೋಡ್ತೀರೋ? ಅಂದು ಅದಕ್ಕೆ ತಲೆ ತಗ್ಗಿಸುವ ನಾಚಿಕೆ ಇತ್ತು, ಕಟ್ಟಿದ್ದನ್ನು ಕೆಡವಿ ಕಟ್ಟುವ ಮೇಷ್ಟ್ರಿದ್ದರು. ಈಗ ಈ ವೇದಿಕೆಯವರು ನಗುತ್ತಾರೆ: “ನಿಮ್ಮ ಗುಣಾನೇ ಸ್ವಲ್ಪ ಖಾರ ಬಿಡ್ರಿ, ಮೇಡಂ.”