ನಮ್ಮ ಸೀನಿಯರ್ ಕೊಟ್ಟ ಕೇಸು

ಕಚ್ಚೆಪಂಚೆಯ ಮೇಲೆ ಕರಿಕೋಟು, ಬಿಳಿ ಕೊರಳಪಟ್ಟಿ, ಕಾಲಲ್ಲಿ ಕಿರ್ರೆನ್ನುವ ಚರ್ಮದ ಚಪ್ಪಲಿ. ಹರಪನಹಳ್ಳಿ ಕೋರ್ಟಿನ ಮೆಟ್ಟಿಲಲ್ಲಿ ಆ ಸದ್ದಾದರೆ ಅಟೆಂಡರು ಬಾಯೊಳಗಿನ ಅಡಿಕೆ ಉಗುಳಿ ನೆಟ್ಟಗೆ ನಿಲ್ಲುತ್ತಿದ್ದ. ಹೆಣ್ಣುಮಕ್ಕಳಿಗೆ ವಕೀಲಿಕೆ ಯಾಕೆಂದು ಉಳಿದ ಆಫೀಸುಗಳು ಮೂಗು ಮುರಿದಾಗ ನನ್ನನ್ನು ಸೇರಿಸಿಕೊಂಡವರು ನಮ್ಮ ಸೀನಿಯರ್ ಒಬ್ಬರೇ.

ತೆಲಿಗಿಯಿಂದಲೋ ಹೊಳಲಿನಿಂದಲೋ ಬಸ್ಸಿಳಿದು ಬಂದ ಕಕ್ಷಿದಾರರಿಗೆ ಅವರ ಆಫೀಸಿನಲ್ಲಿ ಮೊದಲು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. "ತಿನ್ಲಿ ತಡೀರಿ. ಹಸಿದು ಬಂದಾರ, ಈಗ ಕೇಳಿದ್ರ ಬರೇ ಸಿಟ್ಟು ಹೇಳ್ತಾರ" ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ಶಾಸಕರಾದರು, ಆಮೇಲೆ ಮಂತ್ರಿಯೂ ಆದರು. ಮಂತ್ರಿಗಳು ವಕೀಲಿಕೆ ಮಾಡುವಂತಿಲ್ಲ. ಕೇಸುಗಳನ್ನೆಲ್ಲ ನಮಗೆ ಹಂಚಿ ಹೊರಟರು. ನನಗೆ ಬಂದದ್ದು ಹೊಳೆಸಾಲಿನ ಒಂದೂರಿನ ವಿಧವೆಯ ಕೇಸು. ಗಂಡ ಸತ್ತ ಮೇಲೆ ಮೈದುನ ಆಕೆಯ ಪಾಲಿನ ಹೊಲ ಬಿಟ್ಟುಕೊಟ್ಟಿರಲಿಲ್ಲ. ಆ ಮೈದುನನೇ ಊರ ಗೌಡ. ಅವನು ಹೇಳಿದವರಿಗೇ ಊರು ಓಟು ಹಾಕುತ್ತಿತ್ತು.

ಮುಂದಿನ ಚುನಾವಣೆಯ ಪ್ರಚಾರಕ್ಕೆ ಸೀನಿಯರ್ ಆ ಊರಿಗೆ ಹೊರಟಾಗ ನಾನೂ ಜತೆಗಿದ್ದೆ. ನಮ್ಮ ಕಡೆ ಓಟು ಕೇಳಲು ಬಂದವರು ಗೌಡರ ಮನೆಯಲ್ಲಿ ಉಂಡರೆ ಊರು ಒಪ್ಪಿತೆಂದೇ ಅರ್ಥ. ಪಡಸಾಲೆಯಲ್ಲಿ ಎಲೆ ಹಾಕಿ ಹೋಳಿಗೆ ಬಡಿಸಿದರು. ಹಿರಿಯರೆಲ್ಲ ಸುತ್ತ ಕೂತಿದ್ದರು. ಮೊದಲ ತುತ್ತಿಗೂ ಮುಂಚೆ ಗೌಡ ಬಾಯಿಬಿಟ್ಟ.

"ಸಾಹೇಬ್ರ, ಊರು ನಿಮ್ಮದ ಐತಿ. ನಮ್ಮ ಅತ್ತಿಗಿದು ಆ ಕೇಸೊಂದು ಬಿಡ್ಸಿಬಿಡ್ರಿ."

"ಕೇಸು ನನ್ನ ಹತ್ರ ಎಲ್ಲೈತ್ರಿ ಗೌಡ್ರ? ಈಕಿ ಹತ್ರ ಐತಿ. ಈಕಿನ್ನ ಕೇಳ್ರಿ" ಎಂದು ಸೀನಿಯರ್ ನನ್ನ ಕಡೆ ಕೈ ಮಾಡಿದರು.

ಸೀನಿಯರ್ ಮುಖ ನೋಡಿದೆ. ಅವರು ತಲೆ ಎತ್ತದೆ ಎಲೆಯಂಚಿನ ಉಪ್ಪು ಸರಿಸುತ್ತಿದ್ದರು. ಕಣ್ಸನ್ನೆ ಮಾಡಿದ್ದರೆ ಸಾಕಿತ್ತು, ಬಿಟ್ಟುಬಿಡುತ್ತಿದ್ದೆನೇನೋ. ಮಾಡಲಿಲ್ಲ.

"ಬಿಡಾಂಗಿಲ್ರಿ" ಎಂದೆ.

"ಕೇಳಿದ್ರಲ್ಲ?" ಎಂದವರೇ ಸೀನಿಯರ್ ಹೋಳಿಗೆ ಮುರಿದರು. "ತುಪ್ಪ ಬರ್ಲಿ."

ಹೊಟ್ಟೆ ತುಂಬ ಉಂಡೇ ಎದ್ದರು. ಜೀಪಿನಲ್ಲಿ ನಾನು "ಓಟು ಹೋದ್ವಲ್ರಿ ಸರ್" ಎಂದರೆ, "ಹೋಗ್ಲಿ. ಹೋಳಿಗಿ ಚಲೋ ಇದ್ವು" ಎಂದು ನಕ್ಕರು.

ಆ ಊರಷ್ಟೇ ಅಲ್ಲ, ಇಡೀ ಹೊಳೆಸಾಲೇ ಕೈಕೊಟ್ಟಿತು. ಸೋತರು. ಮಾರನೆಯ ವಾರ ಏನೂ ಆಗದವರಂತೆ ಕೋರ್ಟಿಗೆ ಬಂದರು. ಬಾರ್ ರೂಮಿನಲ್ಲಿ ಕೆಲವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ನನಗಂತೂ ಅವರ ಜೂನಿಯರ್ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತ್ತು.

ಕೆಲವು ವರ್ಷಗಳ ಹಿಂದೆ ಅವರು ತೀರಿಕೊಂಡಾಗ ಪತ್ರಿಕೆಗಳು ಮಾಜಿ ಮಂತ್ರಿ ಎಂದು ಬರೆದವು. ನನಗೆ ನೆನಪಾದದ್ದು ಆ ಕೇಸು ಗೆದ್ದ ದಿನ. ಆ ವಿಧವೆ ಕೋರ್ಟಿನ ಪಡಸಾಲೆಯಲ್ಲಿ ಅಳುತ್ತ ಸೀನಿಯರ್ ಕಾಲಿಗೆ ಬಾಗಿದಳು. ಅವರು ಗಡಬಡಿಸಿ ಹಿಂದೆ ಸರಿದರು. ಅಲ್ಲಿಯವರೆಗೆ ನನ್ನನ್ನು ಬರೀ "ಏ ಹುಡುಗಿ" ಎಂದೇ ಕರೆಯುತ್ತಿದ್ದವರು, ಅಂದು ಎಲ್ಲರಿಗೂ ಕೇಳುವಂತೆ ಅಂದರು:

"ನನಗ್ಯಾಕಬೇ? ನಿನ್ನ ವಕೀಲ್ರು ಅಲ್ಲಿ ನಿಂತಾರ ನೋಡು."