ಪಡ್ಡಿನ ಹಂಚಲ್ಲದ ಅಚ್ಚು

“ಯಾರನ್ನ ಹೊಡೀತೀಯಮ್ಮ?” ಎಂದು ಡಾಲಸ್ ಪಕ್ಕದ ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದ ಅಂಕಲ್ ಒಬ್ಬರು ನನ್ನನ್ನು ಕೇಳಿದ್ದರು. ನಾನು ರಿವಾಲ್ವರ್ ಇಟ್ಟುಕೊಂಡಿದ್ದೇನೆ ಎಂಬ ಸುದ್ದಿ ನಾವಿರುವ ಅಲೆನ್ ಊರಿನಿಂದ ಅಲ್ಲಿಯವರೆಗೆ ತಲುಪಿಯಾಗಿತ್ತು. ಕಾಗದವನ್ನು ಹೊಡೆಯುತ್ತೇನೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮಾಂಸ ತಿನ್ನುವುದಕ್ಕೂ ಶುರುಮಾಡಿದ್ದೀಯಾ ಎಂಬುದು ಮುಂದಿನ ಪ್ರಶ್ನೆ. ನಮ್ಮ ಜನಕ್ಕೆ ಬಂದೂಕು ಎಂದರೆ ಒಂದೋ ಸಿನಿಮಾ, ಇಲ್ಲವೇ ಬಿರಿಯಾನಿ.

ಇಂಥವರಿಗೆಂದೇ ನಾನು ಒಂದು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೇನೆ. ನಾನು ಹೊಡೆಯುವ ಗುಂಡಿಗೆ ವಾಡ್‌ಕಟರ್ ಎಂದು ಹೆಸರು. ಅದಕ್ಕೆ ಮೂತಿಯೇ ಇಲ್ಲ. ಸೀಸದ ಪುಟ್ಟ ಕೊರಡು, ತಲೆ ಚಪ್ಪಟೆ, ಅಂಚು ಚೂಪು. ಬೇರೆ ಗುಂಡುಗಳು ಕಾಗದವನ್ನು ಹರಿದುಕೊಂಡು ಹೋದರೆ ಇದು ಆಫೀಸಿನ ಪಂಚಿಂಗ್ ಮಷಿನ್ನಿನಂತೆ ದುಂಡಗೆ ಕತ್ತರಿಸಿ ಹೋಗುತ್ತದೆ. ತೂತು ಎಲ್ಲಿದೆ ಎಂದು ಅಂಕ ಎಣಿಸುವಾಗ ಜಗಳ ಬರಬಾರದೆಂದೇ ಹಿಂದಿನವರು ಹೀಗೆ ಮಾಡಿದ್ದು. ಕಾಗದ ತಿನ್ನುವುದಕ್ಕೆಂದೇ ಹುಟ್ಟಿದ ಶುದ್ಧ ಸಸ್ಯಾಹಾರಿ ಗುಂಡು ಎಂದರೆ ಅಂಕಲ್‌ಗಳು ನಗುತ್ತಾರೆ, ಆಂಟಿಯರು ನನ್ನ ಗಂಡನ ಕಡೆ ಕನಿಕರದಿಂದ ನೋಡುತ್ತಾರೆ.

ಪ್ಲೇನೋದಲ್ಲಿ ನನ್ನ ಕೆಲಸ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಈ ಕೆಲಸವನ್ನು ನಾನು ಸಂಬಳವಿಲ್ಲದೆಯೂ ಮಾಡುತ್ತಿದ್ದೆ ಎಂದು ಅತ್ತೆ ಹೇಳುತ್ತಾರೆ. ಆಫೀಸಿನಲ್ಲಿ ತಪ್ಪು ತೋರಿಸಿದರೆ ಅದನ್ನು ಬರೆದವರು, ಅದು ತಪ್ಪೇ ಅಲ್ಲ, ಬೇಕೆಂದೇ ಹಾಗೆ ಮಾಡಿದ್ದು ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಒಮ್ಮೆ ಟೀಮ್ ಔಟಿಂಗ್ ಎಂದು ನಮ್ಮನ್ನೆಲ್ಲ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಗದದ ಮೇಲೆ ತೂತು ಒಂದೋ ಇತ್ತು, ಇಲ್ಲವೇ ಇರಲಿಲ್ಲ. ಯಾರೂ ಮೀಟಿಂಗ್ ಕರೆಯಲಿಲ್ಲ. ಆವತ್ತೇ ನನಗೆ ಹುಚ್ಚು ಹಿಡಿಯಿತು.

ಆಮೇಲೆ ಡಾಲಸ್ ಹೊರವಲಯದ ಒಂದು ಸಣ್ಣ ಕ್ಲಬ್ಬು ಸೇರಿದೆ. ಅಲ್ಲಿ ಎರಡು ಜಾತಿ. ಯುದ್ಧಕ್ಕೆ ಹೊರಟ ಉಡುಪು ತೊಟ್ಟು, ಕಪ್ಪು ರೈಫಲ್ಲಿನಿಂದ ಕಲ್ಲಂಗಡಿ ಹಣ್ಣು ಸಿಡಿಸಿ ಗೆದ್ದೆವೆಂದು ಫೋಟೋ ತೆಗೆಸಿಕೊಳ್ಳುವ ಗಂಡಸರು ಒಂದು. ಮೂಲೆಯಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತ ಐದಾರು ನಿವೃತ್ತರು ಇನ್ನೊಂದು. ಇವರು ತಮ್ಮ ಗುಂಡನ್ನು ತಾವೇ ಎರಕ ಹೊಯ್ಯುವವರು. ನಳಿಕೆಯಲ್ಲಿ ಜಾರಲೆಂದು ಗುಂಡಿನ ಗೆರೆಗಳಿಗೆ ತುಂಬುವ ಜೇನುಮೇಣ ಎಷ್ಟು ಮೆತ್ತಗಿರಬೇಕು ಎಂಬುದರ ಮೇಲೆ ಇವರಲ್ಲಿ ಮಾತು ಬಿಟ್ಟವರಿದ್ದರು. ಡಿಕಾಕ್ಷನ್‌ಗೆ ಚಿಕೋರಿ ಎಷ್ಟು ಎಂದು ಜಗಳವಾಡುವ ಮನೆಯಲ್ಲಿ ಬೆಳೆದ ನನಗೆ ಇವರು ನಮ್ಮವರೇ ಅನ್ನಿಸಿದರು.

ಅವರಲ್ಲಿ ಹಿರಿಯರೊಬ್ಬರನ್ನು ನಾನು ಮನಸ್ಸಿನಲ್ಲಿ ತಾತ ಎಂದೇ ಕರೆಯುತ್ತಿದ್ದೆ. ಅಚ್ಚು ಕೊರೆಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಕ್ಯಾರಲ್ಟನ್‌ನಲ್ಲಿ ಒಬ್ಬರೇ ಇದ್ದರು. ಅವರ ಇಂಗ್ಲಿಷು ನನ್ನ ಕಿವಿಗೆ ಮೈಸೂರು ಕನ್ನಡವಾಗಿಯೇ ಕೇಳಿಸುತ್ತಿತ್ತು, ಇಲ್ಲೂ ಹಾಗೆಯೇ ಬರೆಯುತ್ತೇನೆ. ಅವರ ಬಳಿ ವಾಡ್‌ಕಟರ್‌ನ ಹಳೆಯ ಅಚ್ಚೊಂದಿತ್ತು. ಬೀಡುಕಬ್ಬಿಣದ್ದು, ನಾಲ್ಕು ಗುಳಿಯದು, ಮರದ ಹಿಡಿಯದು. ಮಾಡಿದ ಕಂಪನಿ ಆ ವಿನ್ಯಾಸವನ್ನು ಕೈಬಿಟ್ಟು ಯಾವ ಕಾಲವಾಯಿತೋ. ಈಗಿನ ಗುಂಡುಗಳನ್ನು ಲೆಕ್ಕಿಗರು ವಿನ್ಯಾಸ ಮಾಡುತ್ತಾರೆ, ಇದನ್ನು ಗುರಿಕಾರನೊಬ್ಬ ಮಾಡಿದ್ದಾನೆ ಎಂದು ತಾತ ಹೇಳುತ್ತಿದ್ದರು. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕ್ಲಬ್ಬುಗಳು ವರ್ಷಕ್ಕೊಮ್ಮೆ ಸೇರಿ ಸ್ಪರ್ಧೆ ನಡೆಸುತ್ತವೆ. ತಾತ ಅಲ್ಲಿ ಬೇರೆ ಗುಂಡು ಮುಟ್ಟಿದವರಲ್ಲ. ಆ ವರ್ಷ ಅವರ ನೋಟದ ನಡುಭಾಗಕ್ಕೆ ಮಸುಕು ಬಂದಿತ್ತು, ಡಾಕ್ಟರು ಕೈಚೆಲ್ಲಿದ್ದರು. ಆಸ್ಟಿನ್‌ನಲ್ಲಿ ನಡೆಯುವ ಈ ಸಲದ್ದೇ ತಮ್ಮ ಕೊನೆಯ ಸ್ಪರ್ಧೆ ಎಂದು ಅವರು ಎಲ್ಲರಿಗೂ ಹೇಳಿಯಾಗಿತ್ತು.

ಯಾರಿಗೂ ಕೊಡದ ಆ ಅಚ್ಚನ್ನು ಕಲಿಯಲೆಂದು ಅವರು ನನಗೆ ಒಂದು ವಾರಕ್ಕೆ ಕೊಟ್ಟರು. ಕೊಟ್ಟ ಹಾಗೆಯೇ ವಾಪಸ್ ಕೊಡು ಎಂದಷ್ಟೇ ಅಂದರು.

ಆಗ ನಮ್ಮ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಸೀಸ ವಿಷ, ಗ್ಯಾರೇಜಿನ ಬಾಗಿಲು ತೆರೆದಿಡು, ಕೈ ತೊಳೆ, ಬಟ್ಟೆ ಬದಲಿಸದೆ ಒಳಗೆ ಹೋಗಬೇಡ, ಸೀಸ ಕರಗಿಸಿದ ಒಲೆಯಲ್ಲಿ ಅಡುಗೆ ಮಾಡಬೇಡ ಎಂದು ತಾತ ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆಗೆ ಇದನ್ನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಮೈಲಿಗೆ ಎಂಬ ಒಂದೇ ಮಾತಿನಲ್ಲಿ ಎಲ್ಲ ನಿಯಮವನ್ನೂ ಅವರೇ ಜಾರಿಗೆ ತಂದು, ನಾನು ಸ್ನಾನ ಮಾಡದೆ ಕಾಫಿ ಲೋಟ ಮುಟ್ಟದಂತೆ ಕಾದರು. ಎರಕವಾಗಿ ಬಿದ್ದ ಗುಂಡಿನ ಸುತ್ತ ಮೂರು ಗೆರೆ ಇರುವುದನ್ನು ಕಂಡು, ವಿಭೂತಿ ಪಟ್ಟೆಯಿದೆ, ದೈವಭಕ್ತರೇ ಮಾಡಿರಬೇಕು ಎಂದು ಮೆಚ್ಚಿಕೊಂಡರು.

ಆ ವಾರದಲ್ಲೇ ಆಯುಧಪೂಜೆ ಬಂತು. ಅಲೆನ್‌ನಲ್ಲಿ ಆವತ್ತು ಎಲೆಕ್ಟ್ರಿಕ್ ಕಾರುಗಳ ಚಕ್ರದಡಿ ನಿಂಬೆಹಣ್ಣು, ಲ್ಯಾಪ್‌ಟಾಪುಗಳ ಹಣೆಗೆ ಕುಂಕುಮ. ಯಾರ ಮನೆಯಲ್ಲೂ ಆಯುಧ ಎಂಬುದೊಂದು ಇರುವುದಿಲ್ಲ, ನಮ್ಮ ಮನೆಯಲ್ಲಿ ನಿಜವಾಗಿಯೂ ಇತ್ತು. ಅತ್ತೆ ಉತ್ಸಾಹದಿಂದ ಖಾಲಿ ರಿವಾಲ್ವರಿಗೆ ಹೂವೇರಿಸಿ, ಅಚ್ಚನ್ನು ಕೈಗೆತ್ತಿಕೊಂಡರು. ಹಿಡಿ, ಗುಳಿ, ಬೀಡು. ಗುಂಡು ಹೊಯ್ದರೇನು, ಇದು ಪಡ್ಡಿನ ಹಂಚೇ ಎಂಬುದರಲ್ಲಿ ಅವರಿಗೆ ಸಂಶಯವೇ ಬರಲಿಲ್ಲ.

“ಪಡ್ಡಿನ ಹಂಚನ್ನ ಹೀಗೆ ಒಣಗಿಸಿ ಇಡ್ತಾರೇನೇ? ಎಣ್ಣೆ ಕಂಡು ಎಷ್ಟು ವರ್ಷ ಆಯ್ತೋ ಪಾಪ. ಹಿಂಗಿದ್ರೆ ಎಬ್ಬಿಸಕ್ಕೆ ಬರಲ್ಲ.”

ಅಚ್ಚನ್ನು ಗ್ಯಾರೇಜಿನ ಒಲೆಯ ಮೇಲೆ ಕಾಯಿಸಿ, ಹಬ್ಬದ ದಿನ ಈರುಳ್ಳಿ ಕೂಡದೆಂದು ಬದನೆಕಾಯಿಯ ತೊಟ್ಟನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ನಾಲ್ಕೂ ಗುಳಿಗೆ ಚೆನ್ನಾಗಿ ಸವರಿದರು. ಆರಿಸಿ ಮತ್ತೆ ಕಾಯಿಸಿದರು, ಮತ್ತೆ ಸವರಿದರು. ನಾನು ಪಕ್ಕದಲ್ಲೇ ಆಫೀಸಿನ ಕಾಲ್‌ನಲ್ಲಿ ಮ್ಯೂಟ್ ಆಗಿ ನಿಂತು ನೋಡುತ್ತಿದ್ದೆ. ಸುಳ್ಳೇಕೆ ಹೇಳಲಿ, ನನಗೂ ಅದು ಸರಿ ಅನ್ನಿಸಿತು. ಪಳಗಿಸಿದ ಹಂಚಿನಿಂದ ಪಡ್ಡು ಸಲೀಸಾಗಿ ಏಳುತ್ತದೆ, ಗುಂಡೂ ಏಳಲಿ ಎಂದುಕೊಂಡು, ಒರೆಸಿ ತಾತನಿಗೆ ಒಪ್ಪಿಸಿದೆ.

ಅಚ್ಚು ಒಪ್ಪಿಸಿದ ಮೇಲಿನ ಮೊದಲ ಶನಿವಾರ ತಾತ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸ್ಪರ್ಧೆಯ ಗುಂಡು ಹೊಯ್ಯಲು ಶುರುಮಾಡಿದರು. ಬಿದ್ದ ಗುಂಡುಗಳೆಲ್ಲ ಒಣದ್ರಾಕ್ಷಿಯಂತೆ ಸುಕ್ಕು. ಅಂಚು ಬೋಳು. ಅಂಚಿಲ್ಲದ ವಾಡ್‌ಕಟರ್ ಯಾತಕ್ಕೂ ಬರುವುದಿಲ್ಲ. ಶಾಖ ಸಾಲದು ಎಂದು ಉರಿ ಹೆಚ್ಚಿಸಿದರು, ಸೀಸ ಸರಿಯಿಲ್ಲ ಎಂದು ಬದಲಿಸಿದರು. ಮತ್ತೆ ಸುಕ್ಕು. ನಾನು ಮನೆಗೆ ಬಂದು ಎರಕದ ಹವ್ಯಾಸಿಗಳು ಬರೆಯುವ ಒಂದು ವೆಬ್‌ಸೈಟು ತೆರೆದೆ. ಗುಳಿಗೆ ಎಣ್ಣೆಯ ಪಸೆ ತಗುಲಿದರೆ ಗುಂಡು ಸುಕ್ಕಾಗುತ್ತದೆ ಎಂದು ಮೊದಲ ಸಾಲಿನಲ್ಲೇ ಇತ್ತು. ಆ ಸಾಲನ್ನು ಎರಡು ಸಲ ಓದಿ ಲ್ಯಾಪ್‌ಟಾಪು ಮುಚ್ಚಿದೆ.

ಆವತ್ತೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಬೇರೆಯವರ ತಪ್ಪಿಗೆ ಕೆಂಪು ಬಣ್ಣ ಬಳಿದು ಇಡೀ ಟೀಮಿಗೆ ಮೇಲ್ ಕಳಿಸುವ ನಾನು, ನನ್ನದಕ್ಕೆ ಎಷ್ಟು ಚೆಂದದ ನೆಪಗಳನ್ನು ಹೆಣೆದೆ ನೋಡಿ. ವಯಸ್ಸಾದವರು, ನೊಂದುಕೊಳ್ಳುತ್ತಾರೆ. ಎರಕ ಹೊಯ್ಯುತ್ತ ಹೊಯ್ಯುತ್ತ ಎಣ್ಣೆ ತಾನಾಗಿ ಸುಟ್ಟುಹೋಗುತ್ತದೆ. ಬದನೆಕಾಯಿ ತೊಟ್ಟಿನ ವಿಷಯ ಕ್ಲಬ್ಬಿಗೆಲ್ಲ ಗೊತ್ತಾದರೆ ಭಾರತದ ಮಾನ ಏನಾಗಬೇಡ. ದೇಶದ ಮಾನ ಕಾಯುವ ಭಾರ ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

ಎರಡನೆಯ ಶನಿವಾರವೂ ಸುಕ್ಕು. ಮೂರನೆಯ ಶನಿವಾರ ತಾತ ಸೌಟನ್ನು ಎರಡೂ ಕೈಯಲ್ಲಿ ಹಿಡಿದು, ಗುಳಿಗೆ ಮುಖವಿಟ್ಟು, ಹನಿ ಹನಿಯಾಗಿ ಸುರಿದರು. ಹವಾ ಥಂಡಿಯಿದೆಯಲ್ಲ, ಅದಕ್ಕಿರಬಹುದು ಎಂದು ನಾನು ಹೇಳಿದೆ. ಆ ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮರುದಿನ ಅವರೇ ಫೋನ್ ಮಾಡಿದರು.

“ಆಸ್ಟಿನ್ ಸ್ಪರ್ಧೆಯಿಂದ ಹೆಸರು ತೆಗೆಸಿಬಿಟ್ಟೆ. ಅಚ್ಚು ಸುಳ್ಳು ಹೇಳಲ್ಲಮ್ಮ. ಕಣ್ಣು ಹೋದರೂ ಕೈ ಇದೆ ಅಂದುಕೊಂಡಿದ್ದೆ. ಕೈಯೂ ಹೋಗಿದೆ.”

ನನಗೆ ಕೂರಲಾಗಲಿಲ್ಲ. ಅಲೆನ್‌ನಿಂದ ಕ್ಯಾರಲ್ಟನ್‌ವರೆಗೆ ಹೇಗೆ ಡ್ರೈವ್ ಮಾಡಿದೆನೋ ಗೊತ್ತಿಲ್ಲ. ಅವರ ಬಾಗಿಲಲ್ಲಿ ನಿಂತು ಆಯುಧಪೂಜೆ, ಪಡ್ಡಿನ ಹಂಚು, ಬದನೆಕಾಯಿ ತೊಟ್ಟು ಎಲ್ಲವನ್ನೂ ಹೇಳಿದೆ. ನಗುತ್ತಾರೆ ಎಂಬ ಆಸೆ ಒಳಗೆಲ್ಲೋ ಇತ್ತು. ಅವರು ನಗಲಿಲ್ಲ. ನಿನಗೆ ಯಾವಾಗ ಗೊತ್ತಾಯಿತು ಎಂದು ಮಾತ್ರ ಕೇಳಿದರು. ಮೊದಲ ಶನಿವಾರವೇ ಎಂದೆ.

“ಮೂರು ಶನಿವಾರ ನನ್ನ ಕೈನ ನಾನೇ ಬೈಕೊಂಡಿದೀನಿ,” ಎಂದರು. “ನೀನು ಪಕ್ಕದಲ್ಲೇ ನಿಂತಿದ್ದೆ.”

ಅಚ್ಚು ತಂದು ನನ್ನ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಆ ಸಿಟ್ಟನ್ನೆಲ್ಲ ಅತ್ತೆಯ ಮೇಲೆ ತೀರಿಸಿಕೊಂಡೆ. ಸಿಕ್ಕಿದ್ದಕ್ಕೆಲ್ಲ ಎಣ್ಣೆ ಹಚ್ಚಬೇಡಿ ಎಂದು ಕೂಗಾಡಿದೆ. ನನ್ನ ಗಂಡ ಜಾಣ, ಹಾಲು ತರುತ್ತೇನೆಂದು ಹೊರಟುಹೋದರು. ಅತ್ತೆ ಪೂರ್ತಿ ಕೇಳಿಸಿಕೊಂಡು, ಎಣ್ಣೆ ಹಚ್ಚಿದ್ದು ನಾನು ಸರಿ, ಬಾಯಿ ಮುಚ್ಚಿಕೊಂಡಿದ್ದು ಯಾರು ಎಂದರು. ಆಮೇಲೆ ಅವರು ಗ್ಲೌಸ್ ತೊಟ್ಟು, ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು, ಬಿಸಿನೀರು, ಸೀಗೆಪುಡಿ, ಹಳೆಯ ಟೂತ್‌ಬ್ರಶ್ಶು ಇಟ್ಟುಕೊಂಡು ಆ ಅಚ್ಚಿಗೆ ಅಭ್ಯಂಜನ ಮಾಡಿಸಿದರು. ಎರಡು ದಿನ ಉಜ್ಜಿದರು. ತುಕ್ಕು ಹಿಡಿಯದಂತೆ ಕೂಡಲೇ ಒಣಗಿಸಿದೆವು. ಮೂರನೆಯ ದಿನ ಸುರಿದ ಗುಂಡು ಕನ್ನಡಿಯಂತೆ ಹೊಳೆದು, ಅಂಚು ಉಗುರಿಗೆ ತಾಗಿತು.

ಅಚ್ಚನ್ನೂ ಆ ಗುಂಡನ್ನೂ ತೆಗೆದುಕೊಂಡು ಮತ್ತೆ ಅವರ ಬಾಗಿಲಿಗೆ ಹೋದೆ. ತಾತ ಗುಂಡನ್ನು ಕಣ್ಣಿನ ಹತ್ತಿರ ತರಲಿಲ್ಲ. ಹೆಬ್ಬೆರಳಿನಿಂದ ಅಂಚು ಸವರಿ ನೋಡಿದರು. ಒಲೆ ಹಚ್ಚು ಎಂದರು. ಆವತ್ತು ಅವರೇ ಕೂತು ನೂರು ಗುಂಡು ಹೊಯ್ದರು, ಒಂದಕ್ಕೂ ಸುಕ್ಕಿರಲಿಲ್ಲ. ಫೋನ್ ಮಾಡಿ ಸ್ಪರ್ಧೆಗೆ ತಮ್ಮ ಹೆಸರನ್ನು ಮತ್ತೆ ಸೇರಿಸಲು ಹೇಳಿದರು. ನನ್ನೊಡನೆ ಬೇಕಾದಷ್ಟು ಮಾತ್ರ ಮಾತಾಡಿದರು.

ಆಸ್ಟಿನ್‌ಗೆ ನಾನೇ ಡ್ರೈವ್ ಮಾಡಿದೆ, ಏಕೆಂದರೆ ಅವರಿಗೆ ಡ್ರೈವ್ ಮಾಡಲು ಆಗುತ್ತಿರಲಿಲ್ಲ. ಮೂರು ಗಂಟೆಗೂ ಮೀರಿದ ದಾರಿ. ಹಿಂದಿನ ಸೀಟಿನಿಂದ ಅತ್ತೆ ಚಕ್ಕುಲಿ ಡಬ್ಬ ಮುಂದೆ ಚಾಚಿದಾಗ ತಾತ ಎರಡು ತೆಗೆದುಕೊಂಡು ಅವರಿಗೆ ಥ್ಯಾಂಕ್ಸ್ ಹೇಳಿದರು. ನನಗೆ ಅದೂ ಇಲ್ಲ.

ಹ್ಯೂಸ್ಟನ್ ತಂಡ ವುಡ್‌ಲ್ಯಾಂಡ್ಸ್ ಬಡಾವಣೆಯ ಎಣ್ಣೆ ಕಂಪನಿಗಳಿಂದ ನಿವೃತ್ತರಾದವರದ್ದು, ಅವರ ಟೋಪಿಗಳೇ ನಮ್ಮ ರಿವಾಲ್ವರುಗಳಿಗಿಂತ ದುಬಾರಿ. ಆಸ್ಟಿನ್ ತಂಡದಲ್ಲಿ ಎಲ್ಲರಿಗೂ ಗಡ್ಡ, ಎಲ್ಲರ ಕೈಯಲ್ಲೂ ಓಟ್ ಹಾಲಿನ ಕಾಫಿ. ನನ್ನ ಸರದಿಯಲ್ಲಿ ನಾನು ಹಾಳಾಗಿ ಹೊಡೆದೆ, ಅದು ಬಿಡಿ. ತಾತ ಕೊನೆಯ ಸುತ್ತಿಗೆ ನಿಂತರು. ಎಡಗೈ ಪ್ಯಾಂಟಿನ ಜೇಬಿನಲ್ಲಿ, ಬಲಗೈ ಮುಂದಕ್ಕೆ. ಹತ್ತು ಗುಂಡು. ಒಂದೊಂದಕ್ಕೂ ಅವರು ಉಸಿರು ಬಿಟ್ಟು ನಿಲ್ಲುವುದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ.

ಮುಗಿದ ಮೇಲೆ ರಿವಾಲ್ವರ್ ತೆರೆದಿಟ್ಟು, ತಮ್ಮ ದುರ್ಬೀನಿಗೆ ಕಣ್ಣಿಟ್ಟರು. ಏನೂ ಕಾಣಲಿಲ್ಲವೆಂದು ಅವರ ಭುಜದಿಂದಲೇ ತಿಳಿಯಿತು. ಪಕ್ಕಕ್ಕೆ ಸರಿದು, ನನ್ನ ಕಡೆ ತಿರುಗದೆ, ಹೇಳು ಎಂದರು.

ನಾನು ನೋಡಿದೆ. ಕಪ್ಪು ವೃತ್ತದ ನಡುವೆ ಒಂಬತ್ತು ತೂತು, ಒಂದರ ಪಕ್ಕ ಒಂದು, ಪಂಚಿಂಗ್ ಮಷಿನ್ನಿನಿಂದ ಒತ್ತಿದಷ್ಟು ದುಂಡಗೆ. ಹತ್ತನೆಯದು ಎಡಕ್ಕೆ, ಕೆಳಗೆ, ಆರು ಅಂಕದ ಗೆರೆಯೊಳಗೆ. ಎಲ್ಲವೂ ನಡುವೆಯೇ ಇವೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಂಕದ ಹಾಳೆ ಬರುವವರೆಗಾದರೂ ಅವರು ಸಂತೋಷವಾಗಿರಲಿ ಅನ್ನಿಸಿತ್ತು.

“ಒಂಬತ್ತು ನಡುವೆ ಇವೆ,” ಎಂದೆ. “ಒಂದು ಆರಕ್ಕೆ ಹೋಗಿದೆ.”

ತಾತ ಜೇಬಿನಿಂದ ಎಡಗೈ ತೆಗೆದು ಬಲಗೈಯನ್ನು ಹಿಡಿದುಕೊಂಡರು.

“ಆರು ಅಂದ್ಯಲ್ಲ,” ಎಂದರು. “ಹಾಗಾದ್ರೆ ಮಿಕ್ಕ ಒಂಬತ್ತನ್ನ ನಂಬ್ತೀನಿ.”